ಚೀಲದ ಮೇಲಿನ ಹೆಸರು

ನಮ್ಮ ಬಡಾವಣೆಯ ದಿನಸಿ ಅಂಗಡಿಯವರು ಮೊನ್ನೆ ಸಿಂಧನೂರಿನಿಂದ ಬಂದ ಅಕ್ಕಿಯ ಚೀಲವೊಂದನ್ನು ತೋರಿಸಿ, "ಮೇಷ್ಟ್ರೇ, ಈ ಸೋನಾ ಮಸೂರಿ ಎಂಬುದು ಮೈಸೂರಿನ ಹೆಸರೇ ಅಲ್ಲವೇ?" ಎಂದು ಕೇಳಿದರು. ಕನ್ನಡ ಎಂ.ಎ. ಮಾಡಿದವನಿಗೆ ಇಂತಹ ಪ್ರಶ್ನೆಯೆಂದರೆ ಹಬ್ಬವೇ ಸರಿ. 'ಮೈ' ಎಂಬುದು 'ಮ' ಆಗುವ ಬಗೆಯನ್ನು ನಿಂತಲ್ಲಿಯೇ ವಿವರಿಸಿ, ಚೀಲವನ್ನು ಹೊರಿಸಿಕೊಂಡು ಮನೆಗೆ ಬಂದೆನು. ಮರುದಿನ ಗ್ರಂಥಾಲಯದಲ್ಲಿ ಹುಡುಕಿದಾಗ ನನ್ನ ಭಾಷಾಶಾಸ್ತ್ರವೆಲ್ಲ ಜೊಳ್ಳೆಂದು ತಿಳಿಯಿತು.

ಮಸೂರಿಯ ಮೂಲನಾಮ ಮಹ್ಸೂರಿ. ಅದು ಮಲಯ ದೇಶದ್ದು. 1950ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಯೋಜನೆಯೊಂದರಂತೆ, ಕಟಕದ ಕೇಂದ್ರ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿ ಬಗೆಯ ಭತ್ತವನ್ನೂ ಉಷ್ಣದೇಶಗಳ ಭತ್ತವನ್ನೂ ಕೂಡಿಸುವ ಪ್ರಯತ್ನ ನಡೆಯಿತು. ತೈವಾನಿನ 'ತೈಚುಂಗ್ 65' ಮತ್ತು ಮಲಯದ 'ಮಯಾಂಗ್ ಎಬೊಸ್ 80' ಎಂಬ ತಳಿಗಳ ಸಂಕರದ ಬೀಜವು ಮಲಯದ ಗದ್ದೆಗಳಲ್ಲಿ ಆಯ್ಕೆಗೊಂಡು, 1965ರಲ್ಲಿ ಮಹ್ಸೂರಿ ಎಂದು ಹೆಸರು ಪಡೆಯಿತು. ಕೆಲವೇ ವರ್ಷಗಳಲ್ಲಿ ಅದು ಭಾರತಕ್ಕೆ ಬಂದಿತು. ಆಂಧ್ರದ ವಿಜ್ಞಾನಿಗಳು ಅದನ್ನು 'ಸೋನಾ' ಎಂಬ ತಳಿಯೊಡನೆ ಕೂಡಿಸಿದರು. ಸೋನಾ ಮಸೂರಿ ಹುಟ್ಟಿತು. 1986ರಲ್ಲಿ ಬಾಪಟ್ಲದಿಂದ ಹೊರಬಂದ ಬಿ.ಪಿ.ಟಿ. 5204ರಲ್ಲಿಯೂ ಮಹ್ಸೂರಿಯ ಅಂಶವುಂಟು.

ಮಲಯದ ಲಂಕಾವಿ ದ್ವೀಪದಲ್ಲಿ ಮಹ್ಸೂರಿ ಎಂಬ ಹೆಣ್ಣಿನ ಕಥೆ ಪ್ರಸಿದ್ಧವಾಗಿದೆ. ಸುಳ್ಳು ಅಪವಾದಕ್ಕೆ ಗುರಿಯಾಗಿ ಪ್ರಾಣ ತೆತ್ತ ಆಕೆ, ಏಳು ತಲೆಮಾರು ಈ ನೆಲ ಏಳಿಗೆ ಕಾಣದಿರಲೆಂದು ಶಪಿಸಿದಳಂತೆ.

ಹೆಸರೊಂದರಿಂದ ಇತಿಹಾಸ ತೆರೆದುಕೊಳ್ಳುವುದು ನಮ್ಮ ಸೀಮೆಗೆ ಹೊಸತಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ 'ಅಶೋಕ' ಎಂಬ ಹೆಸರು ದೊರೆತ ಮೇಲಲ್ಲವೇ, ಶಾಸನಗಳ 'ದೇವಾನಾಂಪ್ರಿಯ' ಯಾರೆಂಬ ಸಂಶಯ ತೀರಿದುದು? ನಾನು ಹುಟ್ಟಿದ್ದು ಅಲ್ಲಿಗೆ ಸಮೀಪದ ಲಿಂಗಸುಗೂರು ತಾಲ್ಲೂಕಿನಲ್ಲಿ. ಅದು ಜೋಳದ ನಾಡು. ನಮ್ಮವ್ವನ ಬಾಲ್ಯದಲ್ಲಿ ಅನ್ನವೆಂದರೆ ಹಬ್ಬದ ಊಟ. ಇಂದಿಗೂ ಬಸ್ಸು ಮಸ್ಕಿಯನ್ನು ದಾಟಿ ಸಿಂಧನೂರಿನತ್ತ ಸಾಗಿದಂತೆ ಒಣ ಎರೆಹೊಲಗಳು ಹಿಂದುಳಿದು, ಹಸುರು ಗದ್ದೆಗಳು ಎದುರುಗೊಳ್ಳುತ್ತವೆ.

1953ರಲ್ಲಿ ತುಂಗಭದ್ರೆಯ ನೀರು ಎಡದಂಡೆ ಕಾಲುವೆಗೆ ಇಳಿಯಿತು. ಸುಮಾರು 227 ಕಿಲೋಮೀಟರು ಉದ್ದದ ಆ ಕಾಲುವೆಯನ್ನು ಯೋಜಿಸಿದವರ ಮನಸ್ಸಿನಲ್ಲಿದ್ದುದು ಬಹುಮಟ್ಟಿಗೆ ಜೋಳ, ಹತ್ತಿಯಂತಹ ಅರೆನೀರಾವರಿ ಬೆಳೆಗಳು. ಸ್ವಲ್ಪ ನೀರು ಬಹಳ ಹೊಲಗಳಿಗೆ ಎಂಬುದು ಲೆಕ್ಕ. ಆದರೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಭತ್ತದ ಕಸುಬನ್ನು ತಂದರು, ಊರಿನವರೂ ಕಲಿತರು. ಜೋಳ ಕೊಡದ ಹಣವನ್ನು ಭತ್ತ ಕೊಟ್ಟಿತು. ರೈತನನ್ನು ದೂರುವುದು ಹೇಗೆ? ನಗರದಲ್ಲಿ ಕುಳಿತು ಸಣ್ಣಕ್ಕಿಯೇ ಬೇಕೆಂದವರು ನಾವಲ್ಲವೇ?

ಲೆಕ್ಕ ತಪ್ಪಿದ್ದಕ್ಕೆ ಏಳು ತಲೆಮಾರು ಕಾಯಬೇಕಾಗಲಿಲ್ಲ. ನಿಂತ ನೀರಿನಿಂದ ಎಷ್ಟೋ ಜಮೀನು ಸವಳಾಯಿತು. 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಮೇಲ್ಭಾಗದ ಗದ್ದೆ ಕುಡಿದ ನೀರು ಕೊನೆಭಾಗವನ್ನು ಮುಟ್ಟುವುದಿಲ್ಲ. ಮಸ್ಕಿಯ ಸುತ್ತಿನ ರೈತರು '5ಎ' ಕಾಲುವೆಗಾಗಿ 2020–21ರಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ಸಿಂಧನೂರಿನ ಮನೆಮನೆಯಲ್ಲಿಯೂ ಆತಂಕ ಕವಿಯಿತು.

ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆನು. ಆಕೆ ಅಕ್ಕಿ ಆರಿಸುತ್ತಲೇ, "ಹೊರಗಿನಿಂದ ಬಂದ ಸೊಸಿ ಮನಿ ತುಂಬಿದಳು, ಚಲೋ ಆತು. ಆದರ ಮನ್ಯಾಗಿನ ಹಳೇ ಮಂದಿಗೂ ನೀರು ಉಳೀಬೇಕು ನೋಡಪಾ" ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿಯ ಊಟಕ್ಕೆ ಜೋಳದ ರೊಟ್ಟಿ. ಅಂಗಡಿಯವರ ಮುಂದೆ ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ಮಾತ್ರ ಇನ್ನೂ ಬಾಕಿ ಉಳಿದಿದೆ.