ಮಂಗ ಸತ್ತರೆ ಮೊದಲು ಸುದ್ದಿ ಮುಟ್ಟಿಸೋಣ

ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಲೆನಾಡಿನ ಕಾಡಂಚಿನ ಊರುಗಳಿಗೆ ಮಂಗನ ಕಾಯಿಲೆಯ ಆತಂಕ. ಈ ದಿನಗಳಲ್ಲಿ ತೋಟದ ಬದಿಯಲ್ಲಿ ಮಂಗವೊಂದು ಸತ್ತು ಬಿದ್ದರೆ, ಅದನ್ನು ಆಂಜನೇಯನೆಂದೇ ಭಾವಿಸಿ, ಹೂಹಾರ ಹಾಕಿ, ಹೊತ್ತು ತಂದು ಮಣ್ಣು ಮಾಡುವ ರೂಢಿ ನಮ್ಮ ಹಲವು ಹಳ್ಳಿಗಳಲ್ಲಿದೆ. ಆ ಭಾವನೆಯನ್ನು ನಾವು ಹೀಗಳೆಯುವುದಿಲ್ಲ. ಆದರೆ ಆ ರೂಢಿಯಲ್ಲಿ ಪ್ರಾಣಾಪಾಯವಿದೆ ಎಂಬುದನ್ನು ಹೇಳದೆ ಇರಲಾರೆವು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಜನರೂ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಪೀತಜ್ವರವಿರಬಹುದೆಂದು ತಜ್ಞರು ಮೊದಲು ಶಂಕಿಸಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಕಂಡದ್ದು ಅದುವರೆಗೆ ಲೋಕಕ್ಕೆ ತಿಳಿಯದಿದ್ದ ವೈರಾಣು. 2012ರ ಬಳಿಕ ಈ ರೋಗ ಚಾಮರಾಜನಗರ, ವಯನಾಡು, ಗೋವೆಯಲ್ಲಿಯೂ ಕಾಣಿಸಿಕೊಂಡಿತು.

ಈ ವೈರಾಣುವಿನ ನೆಲೆ ಕಾಡಿನ ಉಣ್ಣೆಗಳಲ್ಲಿ ಮತ್ತು ಇಲಿಯಂತಹ ಸಣ್ಣ ಪ್ರಾಣಿಗಳಲ್ಲಿ. ಸೋಂಕು ತಗುಲಿದ ಮಂಗ ಸತ್ತೊಡನೆ ಅದರ ಮೈಯಲ್ಲಿದ್ದ ಉಣ್ಣೆಗಳು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಕಣ್ಣಿಗೆ ಬೀಳದಷ್ಟು ಸಣ್ಣ ಮರಿ ಉಣ್ಣೆ ಕಚ್ಚಿದರೂ ಸಾಕು, ರೋಗ ಮನುಷ್ಯನಿಗೆ ದಾಟುತ್ತದೆ. ರೋಗಿಯಿಂದ ಮತ್ತೊಬ್ಬರಿಗೆ ಅದು ಹರಡದು. ಆದ್ದರಿಂದ ರೋಗಿಯನ್ನು ದೂರವಿಡುವುದು ಅಜ್ಞಾನವೂ ಹೌದು, ನಿರ್ದಯವೂ ಹೌದು.

ಎಲ್ಲ ವೈರಾಣುಗಳೂ ಹೀಗೆ ಒಬ್ಬನಲ್ಲಿಯೇ ನಿಲ್ಲುವುದಿಲ್ಲ. 1998ರಲ್ಲಿ ಮಲೇಷಿಯಾದಲ್ಲಿ ಹಣ್ಣಿನ ಮರಗಳ ಪಕ್ಕದಲ್ಲಿಯೇ ಹಂದಿ ಸಾಕಣೆ ಇತ್ತು. ಬಾವಲಿಗಳ ನಿಫಾ ವೈರಾಣು ಹಂದಿಗಳಿಗೆ, ಅವುಗಳಿಂದ ಸಾಕುವವರಿಗೆ ದಾಟಿತು. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಅದೇ ವೈರಾಣು ರೋಗಿಗಳಿಂದ ಆರೈಕೆ ಮಾಡಿದವರಿಗೂ ಹರಡಿತು. ತಪ್ಪು ಬಾವಲಿಯದಲ್ಲ, ಮಂಗದ್ದೂ ಅಲ್ಲ. ಮಂಗವೂ ನಮ್ಮಂತೆಯೇ ಈ ರೋಗಕ್ಕೆ ಬಲಿಯಾಗುವ ಜೀವಿ. ಕಾಡನ್ನು ಕಡಿದು ಅದರ ಒಡಲಿಗೇ ಮನೆ, ತೋಟ, ಕೊಟ್ಟಿಗೆಗಳನ್ನು ಒಯ್ದವರು ನಾವು. ಮಂಗಗಳನ್ನು ಕೊಲ್ಲುವುದು ಪರಿಹಾರವಲ್ಲ. ಉಳಿದ ಕಾಡನ್ನು ಅದರ ಪಾಡಿಗೆ ಬಿಡುವುದು ಪರಿಹಾರದ ಮೊದಲ ಹೆಜ್ಜೆ.

ಈ ರೋಗ ಹೆಚ್ಚಾಗಿ ತಗಲುವುದು ಸೊಪ್ಪು, ಸೌದೆ, ತರಗೆಲೆಗಾಗಿ ಕಾಡಿಗೆ ಹೋಗುವ ಕಾಯಕಜೀವಿಗಳಿಗೆ. ರೋಗ ತಗುಲಿದ ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ವೈರಾಣುವನ್ನೇ ಕೊಲ್ಲುವ ಔಷಧಿಯಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ. ಆದುದರಿಂದ ಎಚ್ಚರವೇ ನಮಗಿರುವ ರಕ್ಷೆ.

ಸತ್ತ ಮಂಗದ ಬಳಿ ಯಾರೂ ಹೋಗಬಾರದು, ಮಕ್ಕಳನ್ನಂತೂ ಬಿಡಲೇಬಾರದು. ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಗ್ರಾಮ ಪಂಚಾಯಿತಿಗೆ ತಕ್ಷಣ ತಿಳಿಸಬೇಕು. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಉಣ್ಣೆ ನಿರೋಧಕ ತೈಲವನ್ನು ಕೈಕಾಲಿಗೆ ಸವರಿಕೊಳ್ಳಬೇಕು. ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಹಠಾತ್ತಾಗಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂದೇ ವೈದ್ಯರನ್ನು ಕಂಡು, ಕಾಡಿಗೆ ಹೋದದ್ದನ್ನೂ ತಿಳಿಸಬೇಕು. ಹರಕೆಯನ್ನು ಗುಣವಾದ ಮೇಲೆ ತೀರಿಸಬಹುದು.

ಸತ್ತ ಜೀವಕ್ಕೆ ದೂರದಿಂದಲೇ ಕೈಮುಗಿಯೋಣ. ಬದುಕಿರುವ ಜೀವಗಳನ್ನು ಉಳಿಸುವುದು ಶರಣರು ಕಲಿಸಿದ ಜೀವದಯೆಗೆ ಹೆಚ್ಚು ಹತ್ತಿರವಾದ ಪೂಜೆಯೆಂದು ನಾವು ನಂಬುತ್ತೇವೆ.