ಬಣ್ಣ ಹೋಯಿತು, ವಿಷ?
ಈ ವಾರ ಕಾಲೇಜೊಂದರ ವಿಜ್ಞಾನ ಪ್ರದರ್ಶನದಲ್ಲಿ ಎರಡು ಬಾಟಲಿ ನೋಡಿದೆ: ಒಂದರಲ್ಲಿ ಕಡುಗೆಂಪು ಬಣ್ಣದ ನೀರು, ಇನ್ನೊಂದರಲ್ಲಿ ತಿಳಿ ನೀರು, ತಳದಲ್ಲಿ ಒಂದಿಷ್ಟು ಕಂದು ಗಷ್ಟು. ‘ಬ್ಯಾಕ್ಟೀರಿಯಾ ಬಣ್ಣಾನೆಲ್ಲ ತಿಂದುಬಿಟ್ಟಿವೆ ಸರ್’ ಎಂದಳು ಹುಡುಗಿ, ಹೆಮ್ಮೆಯಿಂದ. ಕೆಲಸ ನಿಜಕ್ಕೂ ಅಚ್ಚುಕಟ್ಟಾಗಿತ್ತು, ಆದರೆ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಆ ತಿಳಿ ನೀರೇ. ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ಬಹುಪಾಲು ಅಜೋ ಬಣ್ಣಗಳು; ಎರಡು ನೈಟ್ರೋಜನ್ ಪರಮಾಣುಗಳ ನಡುವಿನ ಜೋಡಿ ಬಂಧವೇ ಅವುಗಳ ರಂಗಿನ ಗುಟ್ಟು. ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಾಣುಗಳು ಆ ಬಂಧ ಕತ್ತರಿಸಿದರೆ ಬಣ್ಣ ಮಾಯ. ಉಳಿಯುವ ಆರೊಮ್ಯಾಟಿಕ್ ಅಮೈನ್‌ಗಳು ಕಣ್ಣಿಗೆ ಕಾಣವು, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರಬಲ್ಲವು. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಕಾಯಿಲೆಯೇ ವಾಸಿಯಾಯಿತು ಎಂದುಕೊಂಡಂತೆ. ಅಮೈನ್ ಒಡೆಯಲು ಗಾಳಿಯೂದುವ ಇನ್ನೊಂದು ತೊಟ್ಟಿ ಬೇಕು, ಆಮ್ಲಜನಕದಲ್ಲಿ ಬದುಕುವ ಬೇರೆ ಸೂಕ್ಷ್ಮಾಣುಗಳು ಬೇಕು. ಅದಕ್ಕೆಲ್ಲ ಹೊತ್ತು, ಕರೆಂಟು, ದುಡ್ಡು. ತಮಿಳುನಾಡಿನ ಜವಳಿ ಪಟ್ಟಣ ತಿರುಪ್ಪೂರಿನ ಪಾಠ ಇನ್ನೂ ಕಟು. ಅಲ್ಲಿನ ಡೈಯಿಂಗ್ ಘಟಕಗಳಿಂದ ಕಾವೇರಿಯ ಉಪನದಿ ನೊಯ್ಯಲ್ ಕೆಟ್ಟಿದ್ದು ಬಣ್ಣದಷ್ಟೇ ಉಪ್ಪಿನಿಂದ, ಹತ್ತಿಗೆ ಬಣ್ಣ ಹಿಡಿಸಲು ಸುರಿಯುವ ಉಪ್ಪಿನಿಂದ. ಅದನ್ನು ಯಾವ ಸೂಕ್ಷ್ಮಾಣುವೂ ತಿಂದು ಮುಗಿಸುವುದಿಲ್ಲ. 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನೇ ಮುಚ್ಚಿಸಬೇಕಾಯಿತು. ಬಣ್ಣ ಶೇಕಡಾ ಎಷ್ಟು ಇಳಿಯಿತೆಂದು ಹೇಳುವ ಪ್ರತಿ ವರದಿಯಲ್ಲೂ ಅಮೈನ್ ಎಷ್ಟು ಉಳಿಯಿತು, ಉಪ್ಪು ಎಷ್ಟು ಉಳಿಯಿತು ಎಂಬುದೂ ಇರಲೇಬೇಕು. ಆ ನೀರಿನಲ್ಲಿ ಮೀನುಮರಿ ಬದುಕಿತೇ, ಕಾಳು ಮೊಳೆಯಿತೇ ಎಂಬ ಪರೀಕ್ಷೆಯೂ ಆಗಬೇಕು.