ಬರೆಯುವದಕ್ಕಿಂತ ಮುಂಚೆ ಓದುವದು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಕಂಪ್ಯೂಟರ್ ವಿದ್ಯೆ ಕಲಿಯುವ ಮಗಳಿರುವ ಮನೆಗಳು ಈಗ ವಿರಳವಲ್ಲ. ಇದು ಸಂತೋಷದ ಸಂಗತಿಯೇ ಸರಿ. ಆದರೆ ನಮ್ಮ ಹುಡುಗಿಯರು ಪ್ರೋಗ್ರಾಂ ಬರೆಯುವದನ್ನು ಮಾತ್ರ ಕಲಿಯುತ್ತಾರೆ, ಓದುವದನ್ನು ಕಲಿಯುವದಿಲ್ಲವೆಂಬುದು ನನ್ನ ಆಕ್ಷೇಪಣೆ. ಪುಸ್ತಕದಲ್ಲಿದ್ದುದನ್ನು ವಹಿಗೆ ಇಳಿಸಿ, ಬಾಯಿಪಾಠ ಮಾಡಿ ಪರೀಕ್ಷೆಗೆ ಕೂಡ್ರುವದು ಓದೆನಿಸದು.

ಹಳಗನ್ನಡವನ್ನು ನಾವು ಹೇಗೆ ಓದಿದೆವು? ಬನವಾಸಿಯನ್ನು ಕೊಂಡಾಡಿದ ಪಂಪನ ಪದ್ಯವಾದರೂ ಮೊದಲು ಪದವಿಭಾಗ, ಬಳಿಕ ಅನ್ವಯ, ಆಮೇಲೆಯೇ ಅರ್ಥ. ಪ್ರೋಗ್ರಾಮಿಗೂ ಇದೇ ಕ್ರಮವು ಸಲ್ಲುವದು.

ಚಾಲಿ ಅಡಿಕೆಯ ಚೀಲಗಳ ತೂಕವನ್ನು ಕೂಡಿಸುವ ಒಂದು ಸಣ್ಣ ಪ್ರೋಗ್ರಾಂ ಇದೆಯೆನ್ನೋಣ. ಪ್ರತಿ ಚೀಲಕ್ಕೂ ಮರಳಿ ನಡೆಯುವ ಭಾಗದ ಒಳಗೇ ‘ಮೊತ್ತ ಸೊನ್ನೆ’ ಎಂಬ ಸಾಲು ಸೇರಿಕೊಂಡಿದೆ. ಸುಮ್ಮನೆ ಕಣ್ಣಾಡಿಸಿದವಳಿಗೆ ದೋಷವು ತೋರದು. ಪಾಟಿಯ ಮೇಲೆ ತೂಕ, ಮೊತ್ತ ಎಂದು ಎರಡು ಅಂಕಣಗಳನ್ನು ಗೀಚಿ 60, 62, 65 ಕಿಲೋಗಳ ಮೂರು ಚೀಲಗಳನ್ನು ಸಾಲುಸಾಲಾಗಿ ನಡೆಯಿಸಿರಿ. ಪ್ರತಿ ಸಲವೂ ಮೊತ್ತವು ಅಳಿಸಿಹೋಗಿ, ಕಡೆಗೆ 187ರ ಬದಲು 65 ಉಳಿಯುವದು. ಯಂತ್ರವು ಯಾವ ತಕರಾರನ್ನೂ ಮಾಡದು. 122 ಕಿಲೋ ಅಡಿಕೆಯ ಹಣವು ತೋಟಿಗನಿಗೆ ಮುಳುಗಿತು! ಉತ್ತರವೇನು ಬರುವದೆಂದು ಯಂತ್ರವನ್ನು ನಡೆಯಿಸುವ ಮೊದಲೇ ಬರೆದಿಟ್ಟು, ಆಮೇಲೆ ತಾಳೆ ನೋಡುವದು ಇನ್ನೂ ಉತ್ತಮ.

1843ರಲ್ಲಿ ಏಡಾ ಲವ್‌ಲೇಸ್ ಎಂಬ ಆಂಗ್ಲ ಮಹಿಳೆಯು, ಬ್ಯಾಬೇಜನು ಯೋಜಿಸಿದ್ದ ಯಂತ್ರಕ್ಕಾಗಿ ಬರ್ನೂಲಿ ಸಂಖ್ಯೆಗಳ ಲೆಕ್ಕದ ಕೋಷ್ಟಕವನ್ನು ಪ್ರಕಟಿಸಿದಳು. ಅದರ ನಾಲ್ಕನೆಯ ಕ್ರಿಯೆಯಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗಿ ಅಚ್ಚಾಗಿವೆ. ನಕಲು ಮಾಡಿದವರು ತಪ್ಪನ್ನೂ ನಕಲು ಮಾಡುವರು. ಸಾಲುಸಾಲನ್ನು ಕೈಯಿಂದ ನಡೆಯಿಸಿದವರಿಗಷ್ಟೇ ಅದು ಸಿಕ್ಕುವದು.

ಈಗ ಯಂತ್ರವೇ ಪ್ರೋಗ್ರಾಂ ಬರೆದು ಕೊಡುವದಲ್ಲವೇ, ಈ ಶ್ರಮವೇಕೆ ಎಂದು ಕೆಲವು ಪಾಲಕರು ಕೇಳಿಯಾರು. ಅದಕ್ಕಾಗಿಯೇ ಬೇಕೆನ್ನುತ್ತೇನೆ. ಯಂತ್ರವು ಬರೆದುದರಲ್ಲಿಯೂ ತಪ್ಪುಗಳಿರುವವು. ಅದನ್ನು ಓದಿ ಸರಿ ತಪ್ಪು ಹೇಳಬಲ್ಲವಳಿಗೆ ಕೆಲಸವಿದೆ, ಬರಿದೆ ನಕಲು ಮಾಡುವವಳಿಗೆ ಇಲ್ಲ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ರಜೆಯಲ್ಲಿ ಊರಿಗೆ ಬಂದಾಗ ನೆರೆಮನೆಯ ಹುಡುಗಿಯೊಬ್ಬಳನ್ನು ಬಳಿಯಲ್ಲಿ ಕೂಡ್ರಿಸಿಕೊಂಡು, ಬೇರೊಬ್ಬರು ಬರೆದ ಪ್ರೋಗ್ರಾಮಿನ ಒಂದೇ ಪುಟವನ್ನು ಓದಿಸಿರಿ. ಪಾಟಿ ಬಳಪಗಳು ಕೈಯಲ್ಲಿರಲಿ; ಕಂಪ್ಯೂಟರನ್ನು ಆ ಹೊತ್ತು ಮುಚ್ಚಿಡಬಹುದು.